ಸುಳ್ಳು ಅಪ್ಪಂದಿರನ್ನು ಹಿಡಿಯುವ ಕೆಲಸ

ನಿವೃತ್ತನಾದ ಮೇಲೆ ನಮ್ಮ ಕಾಲೇಜಿನವರು ಒಂದು ಸಲ ಕರೆಸಿದ್ದರು. ಹೊಸದಾಗಿ ಸೇರಿದ ಅಧ್ಯಾಪಕರಿಗೆ ‘ಪೋಷಕರೊಂದಿಗೆ ವ್ಯವಹರಿಸುವ ಬಗೆ’ ಎಂಬ ವಿಷಯದ ಮೇಲೆ ಒಂದು ಗಂಟೆ ಮಾತಾಡಬೇಕಿತ್ತು. ಹೋದೆ, ಮಾತಾಡಿದೆ, ಶಾಲು ಹೊದಿಸಿಕೊಂಡು ಬಂದೆ. ಹೇಳಿದ್ದರಲ್ಲಿ ಅರ್ಧ ಸುಳ್ಳು. ಪೋಷಕರು, ಅಧ್ಯಾಪಕರು, ವಿದ್ಯಾರ್ಥಿಗಳು ಒಂದೇ ಮನೆಯವರು ಎಂದೆಲ್ಲ ಹೇಳಿಬಿಟ್ಟೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹೊಸ ಮೇಡಮ್ಮೊಬ್ಬರು, ನನ್ನ ಮಗಳಿಗಿಂತ ಚಿಕ್ಕವರು, ಅದನ್ನು ಶ್ರದ್ಧೆಯಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಮನೆಗೆ ಬಂದು ಊಟಕ್ಕೆ ಕೂತರೆ ಆ ನೋಟ್‌ಬುಕ್ಕೇ ಕಣ್ಣ ಮುಂದೆ. ಇದನ್ನು ಅವರಿಗಾಗಿ ಬರೆಯುತ್ತಿದ್ದೇನೆ. ಹೆಸರು ಕೇಳಿಕೊಳ್ಳಲಿಲ್ಲ, ಅದೂ ನನ್ನ ಹಳೆಯ ಚಾಳಿಯೇ.

ನಾನು ತುಮಕೂರಿನ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಕಾಮರ್ಸ್ ಪಾಠ ಮಾಡಿದವನು. ಪಾಠದ ಬಗ್ಗೆ ಹೇಳುವಂಥದ್ದೇನಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನು ಬೋರ್ಡಿನ ಮೇಲೆ ಬರೆದೆ, ಬೋರ್ಡಿನ ಮೇಲಿದ್ದದ್ದನ್ನು ಹುಡುಗರು ಪುಸ್ತಕಕ್ಕೆ ಇಳಿಸಿಕೊಂಡರು. ಅದರ ಜೊತೆಗೆ ಇನ್ನೊಂದು ಕೆಲಸವಿತ್ತು. ಹಾಜರಾತಿ ಕಡಿಮೆಯಾದ ವಿದ್ಯಾರ್ಥಿಗಳ ಅಪ್ಪ ಅಮ್ಮಂದಿರನ್ನು ಕರೆಸಿ ಮಾತಾಡುವುದು. ಅದು ಯಾವಾಗ, ಹೇಗೆ ನನ್ನ ಹೆಗಲಿಗೆ ಬಿತ್ತೋ ಗೊತ್ತಿಲ್ಲ. ಬಿದ್ದದ್ದು ಇಳಿಯಲಿಲ್ಲ. ನಾನೂ ಇಳಿಸಿಕೊಳ್ಳಲು ಒದ್ದಾಡಲಿಲ್ಲ ಅನ್ನಿ. ಊರಿನ ದೊಡ್ಡ ಮನುಷ್ಯರೂ ನನ್ನ ಮೇಜಿನ ಮುಂದೆ ಕೈಕಟ್ಟಿ ನಿಲ್ಲುವುದು ನನಗೆ ಹಿಡಿಸಿತ್ತು.

ಮೊದಮೊದಲು ಪೋಸ್ಟ್ ಕಾರ್ಡು ಬರೆಯುತ್ತಿದ್ದೆವು. ‘ತಮ್ಮ ಮಗ/ಮಗಳು ತರಗತಿಗೆ ಸರಿಯಾಗಿ ಹಾಜರಾಗುತ್ತಿಲ್ಲ, ಕೂಡಲೇ ಬಂದು ಕಾಣುವುದು’ ಎಂದು ಅಚ್ಚು ಹಾಕಿಸಿದ ಕಾರ್ಡು. ನಾವು ಹೆಸರು ತುಂಬಿ ಸಹಿ ಹಾಕಿದರೆ ಆಯಿತು. ಒಮ್ಮೆ ಗುಬ್ಬಿಯ ಕಡೆಯ ಒಬ್ಬ ಹುಡುಗಿಯ ಮನೆಗೆ ಅಂಥದೊಂದು ಕಾರ್ಡು ಹೋಯಿತು. ಅವಳು ಹನ್ನೊಂದು ದಿನ ತಪ್ಪಿಸಿದ್ದಳು, ಅಷ್ಟೆ. ಮುಂದಿನ ತಿಂಗಳು ಅವಳ ತಂದೆ ಬಂದರು. ಕೈಯಲ್ಲಿ ಲಗ್ನಪತ್ರಿಕೆ. “ನೀವು ಕಾರ್ಡ್ ಬರ್ದಿದ್ದು ಒಳ್ಳೇದಾಯ್ತು ಮೇಷ್ಟ್ರೇ, ಇಲ್ದಿದ್ರೆ ನಮ್ಗೆ ಗೊತ್ತೇ ಆಯ್ತಿರ್ಲಿಲ್ಲ. ಮದ್ವೆಗೆ ತಪ್ಪಿಸ್ಬ್ಯಾಡಿ” ಎಂದರು. ಹನ್ನೊಂದು ದಿನ ಅವಳು ಎಲ್ಲಿಗೆ ಹೋಗಿದ್ದಳು ಎಂದು ಅವರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮದುವೆಗೆ ನಾನು ಹೋದೆ. ಹೋಗಿ ಉಂಡೂ ಬಂದೆ. ಅವಳು ತಲೆ ಎತ್ತಿ ನೋಡಲಿಲ್ಲ.

ಕಾರ್ಡು ಹೋಗಿ ಫೋನು ಬಂತು. ಫೋನಿನ ಜೊತೆ ಇನ್ನೊಂದು ಜಾತಿಯ ಅಪ್ಪಂದಿರು ಬಂದರು. ಕುಣಿಗಲ್ ತಾಲ್ಲೂಕು ಮಾರ್ಕೋನಹಳ್ಳಿಯ ಹತ್ತಿರದವರೊಬ್ಬರು ನೆನಪಾಗುತ್ತಾರೆ. ನೀರಾವರಿ ಜಮೀನು, ಒಬ್ಬನೇ ಮಗ. ವಾರಕ್ಕೊಂದು ದಿನ ತಪ್ಪದೆ ಬರುತ್ತಿದ್ದರು. ಮಗ ಯಾವ ಬೆಂಚಿನಲ್ಲಿ ಕೂರಬೇಕು, ಯಾರ ಪಕ್ಕ ಕೂರಬಾರದು, ಯಾವ ಆಪ್ಷನಲ್ ತೆಗೆದುಕೊಳ್ಳಬೇಕು, ಎಲ್ಲ ಅವರೇ. ಒಮ್ಮೆ ನನ್ನ ತರಗತಿಯ ಕಿಟಕಿಯ ಹೊರಗೆ ನಿಂತು ಪೂರ್ತಿ ಪಾಠ ಕೇಳಿ, ಆಮೇಲೆ “ಆ ಎರಡನೇ ಲೆಕ್ಕ ಸ್ವಲ್ಪ ಫಾಸ್ಟಾಯ್ತು ಸಾರ್” ಎಂದು ಸಲಹೆ ಕೊಟ್ಟರು. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಮೂರು ವರ್ಷ ಮುಗಿದು ಹುಡುಗ ಫಸ್ಟ್ ಕ್ಲಾಸಿನಲ್ಲಿ ಪಾಸಾದ. ಮಾರ್ಕ್ಸ್ ಕಾರ್ಡು ಕೊಡಲು ಹೋದರೆ ಕೈ ಚಾಚಲಿಲ್ಲ. “ಅಪ್ಪ ಹೊರ್ಗಡೆ ಇದಾರೆ, ಅವ್ರಿಗೇ ಕೊಡಿ ಸಾರ್. ಓದಿದ್ದು ಅವ್ರೇ” ಎಂದ. ತಮಾಷೆಗೆ ಹೇಳಿದನೇನೋ ಎಂದು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ.

ಆಮೇಲೆ ಒಬ್ಬ ಹೊಸ ಪ್ರಿನ್ಸಿಪಾಲರು ಬಂದರು. ಒಳ್ಳೆಯ ಮನುಷ್ಯರೇ, ಆದರೆ ಕಾಲೇಜಿಗೆ ಗ್ರೇಡು ಕೊಡಲು ‘ಕಮಿಟಿ ಬರುತ್ತೆ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮೈಮೇಲೆ ಪ್ರಜ್ಞೆ ಇರುತ್ತಿರಲಿಲ್ಲ. ಅವರ ಕಾಲದಲ್ಲಿ ಮೆಂಟರ್ ಪದ್ಧತಿ ಶುರುವಾಯಿತು. ಒಬ್ಬೊಬ್ಬ ಅಧ್ಯಾಪಕನಿಗೆ ಇಪ್ಪತ್ತು ಇಪ್ಪತ್ತೈದು ವಿದ್ಯಾರ್ಥಿಗಳು, ಪ್ರತಿಯೊಬ್ಬರಿಗೂ ಒಂದು ಪುಸ್ತಕ. ಪುಸ್ತಕದಲ್ಲಿ ‘ವಿದ್ಯಾರ್ಥಿಯ ಸಮಸ್ಯೆ’, ‘ಪೋಷಕರೊಂದಿಗೆ ಚರ್ಚಿಸಿದ ವಿಷಯ’ ಎಂಬ ಕಾಲಂಗಳು. ಕಮಿಟಿ ಬರುವ ಹಿಂದಿನ ವಾರ ನಾವೆಲ್ಲ ಕೂತು ಮೂರು ವರ್ಷದ ಚರ್ಚೆಗಳನ್ನು ಎರಡು ದಿನದಲ್ಲಿ ಬರೆದು ಮುಗಿಸಿದೆವು. ಒಂದೇ ದಿನ ಬರೆದದ್ದೆಂದು ಗೊತ್ತಾಗಬಾರದೆಂದು ನೀಲಿ, ಕಪ್ಪು, ಹಸಿರು ಪೆನ್ನುಗಳನ್ನು ಸರದಿಯ ಮೇಲೆ ಬಳಸಿದೆವು. ಸಮಸ್ಯೆಯ ಕಾಲಂನಲ್ಲಿ ನಾನು ಎಲ್ಲರಿಗೂ ‘ಯಾವುದೇ ಸಮಸ್ಯೆ ಇಲ್ಲ’ ಎಂದೇ ಬರೆದೆ. ಕಮಿಟಿಯವರು ನನ್ನ ಪುಸ್ತಕಗಳನ್ನು ಎತ್ತಿ ತೋರಿಸಿ ಮೆಚ್ಚಿಕೊಂಡರು.

ಅದೇ ಪ್ರಿನ್ಸಿಪಾಲರ ಇನ್ನೊಂದು ನಿಯಮ ಈ ಕಥೆಯ ಮೂಲ. ಹಾಜರಾತಿ ಎಪ್ಪತ್ತೈದು ಪರ್ಸೆಂಟಿಗಿಂತ ಕಡಿಮೆ ಇದ್ದವರು ಪರೀಕ್ಷೆಗೆ ಕೂರಬೇಕಾದರೆ ತಂದೆ ಅಥವಾ ತಾಯಿ ಖುದ್ದಾಗಿ ಬಂದು ನನ್ನೆದುರು ಫಾರಂಗೆ ಸಹಿ ಹಾಕಬೇಕು. ಫೋನಿನಲ್ಲಿ ಆಗದು, ಅಣ್ಣ ಚಿಕ್ಕಪ್ಪ ಆಗದು. ನಿಯಮ ಬಂದ ಮೊದಲನೇ ಸೆಮಿಸ್ಟರಿನಲ್ಲೇ ಸುಳ್ಳು ಅಪ್ಪಂದಿರು ಬರತೊಡಗಿದರು. ಆಟೋದವರು, ರೂಮಿನ ಓನರುಗಳು, ಸಲೂನಿನವರು, ಒಬ್ಬರೇ ಇಬ್ಬರು ಬೇರೆ ಬೇರೆ ಹುಡುಗರಿಗೆ ಅಪ್ಪನಾಗಿ ಬಂದದ್ದೂ ಉಂಟು. ಹಿಡಿಯುವುದಕ್ಕೆ ನಾನೊಂದು ದಾರಿ ಕಂಡುಕೊಂಡೆ. ಎದುರಿಗೆ ನಿಲ್ಲಿಸಿಕೊಂಡು ಪಟಪಟನೆ ಪ್ರಶ್ನೆ ಹಾಕುವುದು. ಮಗ ಏನು ಓದುತ್ತಿದ್ದಾನೆ, ಎಷ್ಟನೇ ಸೆಮಿಸ್ಟರು, ಹುಟ್ಟಿದ ತಾರೀಖು ಯಾವುದು. ಅಪ್ಪ ತೊದಲಿದರೆ ಸುಳ್ಳು ಅಪ್ಪ. ನನ್ನ ಈ ಪರೀಕ್ಷೆ ನೋಡಲು ಕೆಲಸವಿಲ್ಲದಿದ್ದರೂ ಸಹೋದ್ಯೋಗಿಗಳು ಬಂದು ಕೂರುತ್ತಿದ್ದರು.

ನಾನು ರಿಟೈರಾಗುವುದಕ್ಕೆ ಒಂದು ವರ್ಷ ಮೊದಲು, ಅಂಥದೇ ಪರೀಕ್ಷೆಯಲ್ಲಿ ಒಬ್ಬ ಅಪ್ಪ ಎಲ್ಲ ಪ್ರಶ್ನೆಗೂ ಅರಳು ಹುರಿದಂತೆ ಉತ್ತರ ಕೊಟ್ಟ. ರಿಜಿಸ್ಟರ್ ನಂಬರನ್ನೂ ಹೇಳಿದ. ಇಂಥ ತಂದೆ ಇರಬೇಕು ಎಂದು ಎಲ್ಲರೆದುರು ಹೊಗಳಿ ಸಹಿ ಹಾಕಿಸಿಕೊಂಡೆ. ನಾಲ್ಕು ದಿನ ಬಿಟ್ಟು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಲು ಸಹೋದ್ಯೋಗಿಗಳ ಜೊತೆ ಕೂತಿದ್ದೆ. ಬಕೆಟ್ಟು ಹಿಡಿದುಕೊಂಡು ಬಂದು “ಚಟ್ನಿ ಹಾಕ್ಲಾ ಸಾರ್?” ಎಂದವನು ಅದೇ ಅಪ್ಪ. ಅವನೂ ನನ್ನನ್ನು ನೋಡಿದ. ಚಟ್ನಿ ಮಾತ್ರ ಸರಿಯಾಗಿಯೇ ಬಡಿಸಿ ಹೋದ. ಸ್ಟಾಫ್ ರೂಮಿನಲ್ಲಿ ಒಂದು ವಾರ ನನಗೆ ತಲೆ ಎತ್ತಲಿಕ್ಕಾಗಲಿಲ್ಲ. ನನ್ನ ಬೆನ್ನ ಹಿಂದೆ ‘ಚಟ್ನಿ’ ಎಂದು ಯಾರಾದರೂ ಪಿಸುಗುಟ್ಟಿದರೆ ಸಾಕು, ಎಲ್ಲರೂ ನಗುತ್ತಿದ್ದರು. ಪ್ರಿನ್ಸಿಪಾಲರು ಚೇಂಬರಿಗೆ ಕರೆದು, “ಏನ್ರೀ, ನಿಮ್ಮಂಥ ಸೀನಿಯರ್ರೇ ಹಿಂಗಾದ್ರೆ?” ಎಂದರು. ಇನ್ನು ಯಾವ ಮಗನೂ ನನ್ನ ಕಣ್ಣಿಗೆ ಮಣ್ಣೆರಚಲು ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಹಟ ಹಿಡಿದೆ.

ಆ ಹಟದ ದಿನಗಳಲ್ಲೇ ರಂಗಪ್ಪ ಬಂದರು.

ಸಹಿಗೆ ಅವತ್ತು ಕೊನೆಯ ದಿನ. ಮಧ್ಯಾಹ್ನ ಮೂರು ಗಂಟೆ ಇರಬಹುದು. ಐವತ್ತೈದರ ಆಸುಪಾಸಿನ ಮನುಷ್ಯ, ಮಡಿಕೆಯ ಗೆರೆ ಹೋಗದ ಹೊಸ ಬಿಳಿ ಶರ್ಟು. ನನ್ನ ಕಣ್ಣು ಮೊದಲು ಬಿದ್ದದ್ದೇ ಆ ಶರ್ಟಿನ ಮೇಲೆ. ಸುಳ್ಳು ಅಪ್ಪಂದಿರು ಹೀಗೆ ಯಾರದೋ ಹೊಸ ಶರ್ಟು ತೊಟ್ಟು ಬರುತ್ತಿದ್ದರು. ಅಟೆಂಡರ್ ಗಂಗಣ್ಣ ಬಾಗಿಲಲ್ಲಿ ನಿಂತಿದ್ದ. ನನ್ನ ಸಹೋದ್ಯೋಗಿಗಳು ಮೂವರು ಕುರ್ಚಿ ತಿರುಗಿಸಿಕೊಂಡು ಕೂತರು.

“ನಾನು ಲೋಕೇಶನ ಅಪ್ಪ ಸಾಮಿ. ಹಾಗಲವಾಡಿ ಕಡೆಯೋರು. ಸೈನ್ ಹಾಕ್ಬೇಕಂತಲ್ಲ” ಎಂದರು.

ಲೋಕೇಶ ನನ್ನದೇ ಮೆಂಟರ್ ಗುಂಪಿನ ಹುಡುಗ. ಐದನೇ ಸೆಮಿಸ್ಟರ್ ಬಿ.ಕಾಂ. ಮಾತು ಕಡಿಮೆ, ಮಾರ್ಕ್ಸು ಪರವಾಗಿಲ್ಲ. ಆ ಸೆಮಿಸ್ಟರಿನಲ್ಲಿ ವಾರಕ್ಕೆ ಎರಡು ಮೂರು ದಿನ ಬರುತ್ತಲೇ ಇರಲಿಲ್ಲ.

“ಮಗ ಏನ್ ಓದ್ತಾ ಇದಾನೆ?”

“ಡಿಗ್ರಿ ಸಾಮಿ.”

“ಡಿಗ್ರೀಲಿ ಏನು?”

ಅವರು ಗೋಡೆಯ ಕಡೆ ನೋಡಿದರು. “ಅದೇ... ಬಿಎನೋ ಏನೋ. ಅವ್ನು ಹೇಳಿದ್ದ.”

ಹಿಂದಿನಿಂದ ಯಾರೋ ಕಿಸಕ್ಕೆಂದರು. ನನಗೆ ಹುರುಪು ಬಂತು. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ, ನನಗೆ ಆಗ ನಿಜವಾಗಿಯೂ ಹುರುಪು ಬಂತು. ಹುಟ್ಟಿದ ತಾರೀಖು ಕೇಳಿದೆ. “ಶ್ರಾವಣದಾಗೆ ಸಾಮಿ, ಸೋಮ್ವಾರ. ಮಳೆ ಬರ್ತಿತ್ತು” ಎಂದರು. ನನ್ನ ಮೆಂಟರ್ ಪುಸ್ತಕದಲ್ಲಿ ಜೂನ್ ಒಂದು ಎಂದಿತ್ತು. ಹಳ್ಳಿಯ ಶಾಲೆಗಳಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮೇಷ್ಟ್ರುಗಳು ಜೂನ್ ಒಂದು ಎಂದೇ ಬರೆದುಕೊಳ್ಳುತ್ತಿದ್ದರು ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ನನ್ನದೂ ಜೂನ್ ಒಂದೇ. ಆದರೂ “ಶ್ರಾವಣ ಜೂನ್‌ನಲ್ಲಿ ಬರುತ್ತೇನಪ್ಪಾ?” ಎಂದು ಸಹೋದ್ಯೋಗಿಗಳ ಕಡೆ ತಿರುಗಿ ಕೇಳಿದೆ. ಎಲ್ಲರೂ ನಕ್ಕರು. ಆಧಾರ್ ಕಾರ್ಡು ಕೇಳಿದರೆ ಮನೆಯಲ್ಲಿದೆ ಎಂದರು. ಪುಸ್ತಕದಲ್ಲಿದ್ದ ಅವರ ನಂಬರಿಗೆ ಮಾಡಿದರೆ ಸ್ವಿಚ್ ಆಫ್. “ಚಾರ್ಜ್ ಹೋಗೈತೆ ಸಾಮಿ” ಎಂದು ಜೇಬಿನಿಂದ ಫೋನು ತೆಗೆದು ತೋರಿಸಿದರು. ಲೋಕೇಶನ ನಂಬರೂ ನನ್ನ ಮುಂದೆಯೇ ಇತ್ತು. ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಮಾಡಿದರೆ ಆಟ ಅಲ್ಲಿಗೇ ಮುಗಿದುಹೋಗುತ್ತಿತ್ತಲ್ಲ.

“ಯಾವ ಹೋಟ್ಲಿಂದ ಕರ್ಕೊಂಡ್ ಬಂದ ನಿನ್ನ?” ಎಂದೆ. ಅಲ್ಲಿಯವರೆಗೆ ಬಹುವಚನದಲ್ಲಿ ಮಾತಾಡಿಸಿದ್ದೆನೋ ಇಲ್ಲವೋ ನೆನಪಿಲ್ಲ. ಆ ವಾಕ್ಯ ಮಾತ್ರ ಏಕವಚನದಲ್ಲಿತ್ತು.

ಅವರಿಗೆ ಅರ್ಥವಾಗಲಿಲ್ಲ. “ಹೋಟ್ಲಿಂದಲ್ಲ ಸಾಮಿ, ಊರಿಂದ ಬಂದಿವ್ನಿ” ಎಂದರು. ಮತ್ತೆ ನಗು. “ನಾನೇ ಅಪ್ಪ ಸಾಮಿ” ಎಂದು ಇನ್ನೊಮ್ಮೆ ಹೇಳಿದರು. ಆ ಮಾತನ್ನು ಒಬ್ಬ ಮನುಷ್ಯ ಯಾಕಾದರೂ ಎರಡನೇ ಸಲ ಹೇಳಬೇಕಾಗಿ ಬರಬೇಕು? ಆಗ ನನಗೆ ಹಾಗನ್ನಿಸಲಿಲ್ಲ. ಪೊಲೀಸಿಗೆ ಹೇಳುತ್ತೇನೆ ಎಂದು ಗದರಿಸಿ, ಫಾರಂ ಕಿತ್ತುಕೊಂಡು, ಹೊರಗೆ ಕಳಿಸಿದೆ.

ಅವರು ಹೋದ ಮೇಲೆ ಗಂಗಣ್ಣ ಹತ್ತಿರ ಬಂದು ಸಣ್ಣ ದನಿಯಲ್ಲಿ, “ನಿಜ್ವಾದ ಅಪ್ಪಾನೇ ಅನ್ಸುತ್ತೆ ಕಣ್ ಸಾರ್. ಚಪ್ಲಿ ಹೊರಗ್ ಬಿಟ್ಟು ಬಂದಿದ್ರು. ಆ ನಾಟಕದೋರು ಯಾರೂ ಬಿಡಲ್ಲ” ಎಂದ. ನಿನ್ನ ಕೆಲಸ ನೋಡಿಕೋ ಹೋಗು ಎಂದೆ. ಮೂವತ್ತು ವರ್ಷ ನನ್ನ ಬಾಗಿಲಲ್ಲಿ ನಿಂತವನು ಅವನು. ಒಳಗೆ ಕೂತ ನನಗಿಂತ ಹೆಚ್ಚು ಅಪ್ಪಂದಿರನ್ನು ನೋಡಿದ್ದ.

ಮಾರನೆಯ ದಿನದಿಂದ ನನಗೆ ಬೇರೆ ಯೂನಿವರ್ಸಿಟಿಯಲ್ಲಿ ಪೇಪರ್ ವ್ಯಾಲ್ಯುಯೇಷನ್ ಡ್ಯೂಟಿ ಇತ್ತು. ಲೋಕೇಶನ ಹೆಸರು ಹಾಲ್ ಟಿಕೆಟ್ ಪಟ್ಟಿಯಿಂದ ಹೋಯಿತು. ಅವನು ಬಂದು ಆಫೀಸಿನಲ್ಲಿ ಗೋಗರೆದನಂತೆ, ಪಟ್ಟಿ ಹೋಗಿಯಾಗಿದೆ ಎಂದು ಗುಮಾಸ್ತರು ಕೈಚೆಲ್ಲಿದರಂತೆ. ನಾನು ಅದನ್ನು ಕೇಳಿ ಸುಮ್ಮನಾದೆ. ಸುಳ್ಳು ಅಪ್ಪನನ್ನು ಕಳಿಸಿದವನಿಗೆ ತಕ್ಕ ಶಾಸ್ತಿ ಎಂದುಕೊಂಡೆ.

ಎರಡು ತಿಂಗಳ ನಂತರ ಲೋಕೇಶ ಬಂದ. ಮುಂದಿನ ವರ್ಷ ಅದೇ ಸೆಮಿಸ್ಟರಿಗೆ ಮತ್ತೆ ಸೇರಲು ಏನು ಮಾಡಬೇಕು ಎಂದು ಕೇಳಲು ಬಂದಿದ್ದ. ನಾನು ಕಟಕಿಯಾಗಿ ಏನೋ ಅನ್ನುವುದಕ್ಕೆ ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅವನೇ ಶುರುಮಾಡಿದ. ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತಂತೆ. ಅಪ್ಪ ಬೇರೆಯವರ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ಹೋಗಬೇಕು, ಅಮ್ಮನನ್ನು ಎತ್ತಿ ಕೂರಿಸಲು ಒಬ್ಬರು ಬೇಕು, ಹಾಗಾಗಿ ವಾರದಲ್ಲಿ ಎರಡು ಮೂರು ದಿನ ಇವನೇ ಮನೆಯಲ್ಲಿ ಇರುತ್ತಿದ್ದನಂತೆ.

“ಲಾಸ್ಟ್ ಡೇಟ್ ದಿನ ಅಮ್ಮನ್ ಹತ್ರ ನಾನ್ ಉಳ್ಕೊಂಡು ನಮ್ಮಪ್ಪನ್ನ ಕಳಿಸಿದ್ದೆ ಸಾರ್. ಹೋದ್ರೆ ಆಫೀಸು ರಜಾ ಇತ್ತಂತೆ. ರಜಾ ಎಲ್ಲಿತ್ತು ಅವತ್ತು? ಎಲ್ಲೋ ಬೇರೆ ಕಾಲೇಜಿಗೆ ಹೋಗಿ ಬಂದವ್ರೆ. ಒಂದ್ ಸೈನ್ ಹಾಕಕ್ಕಾಗಿಲ್ಲ. ಅವತ್ತಿಂದ ನಾನು ಅವ್ರನ್ನ ಮಾತಾಡ್ಸಿಲ್ಲ.”

“ನಿಮ್ಮಪ್ಪನ ಫೋಟೋ ಇದೆಯಾ?” ಎಂದೆ. ಯಾಕೆ ಎಂದು ಕೇಳದೆ ಮೊಬೈಲು ತೆಗೆದು ತೋರಿಸಿದ. ಯಾವುದೋ ಗೃಹಪ್ರವೇಶದಲ್ಲಿ ತೆಗೆದ ಫೋಟೋ. ಅದೇ ಮುಖ.

ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. “ಹೌದಪ್ಪ, ಅವತ್ತು ಮಧ್ಯಾಹ್ನದ ಮೇಲೆ ರಜಾ ಕೊಟ್ಟಿದ್ರು” ಎಂದೆ. ಆ ಹುಡುಗನ ಮುಖ ಅಲ್ಲಿಯೇ ಇಳಿದುಹೋಯಿತು. “ಹೌದಾ ಸಾರ್? ಸುಮ್ಸುಮ್ನೆ ಬೈದ್ಬುಟ್ಟೆ ಅವ್ರನ್ನ” ಎಂದ. ಮತ್ತೆ ಸೇರಬಹುದು, ತಂದೆ ಬಂದು ಒಂದು ಸಹಿ ಹಾಕಬೇಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದೆ. ಅವನು ನನ್ನ ಕಾಲಿಗೆ ಬಗ್ಗಿದ. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

ಅಷ್ಟಕ್ಕೇ ಬಿಟ್ಟಿದ್ದರೆ ಆ ಹುಡುಗ ಇವತ್ತು ಡಿಗ್ರಿ ಮುಗಿಸಿರುತ್ತಿದ್ದ. ನಾನು ಮಾಡಿದ ತಪ್ಪುಗಳಲ್ಲಿ ರಂಗಪ್ಪನವರನ್ನು ಹೊರಗೆ ಹಾಕಿದ್ದು ಎರಡನೆಯದು. ದೊಡ್ಡದು ಕ್ಷಮೆ ಕೇಳಲು ಹೋದದ್ದು.

ಒಂದು ಭಾನುವಾರ ಗುಬ್ಬಿಗೆ ಹೋಗಿ, ಅಲ್ಲಿಂದ ಹಾಗಲವಾಡಿ ಬಸ್ಸು ಹಿಡಿದೆ. ಲೋಕೇಶ ಭಾನುವಾರ ತುಮಕೂರಿನಲ್ಲಿ ಎಲ್ಲೋ ಕೆಲಸಕ್ಕೆ ಹೋಗುತ್ತಾನೆ ಎಂದು ಅವನ ಗೆಳೆಯರು ಹೇಳಿದ್ದರು. ಅಪ್ಪನೊಬ್ಬನನ್ನೇ ನೋಡಿ, ಕೈ ಹಿಡಿದು, ತಪ್ಪಾಯಿತು ಎಂದು ಹೇಳಿ ಬರುವ ಎಣಿಕೆ ನನ್ನದು. ರಂಗಪ್ಪ ಮನೆಯ ಮುಂದೆ ಕಾಯಿ ಸುಲಿಯುತ್ತ ನಿಂತಿದ್ದರು. ನನ್ನನ್ನು ಕಂಡದ್ದೇ ಗುರುತು ಹಿಡಿದರು. ಹೆದರಿದರು ಎಂದೇ ಹೇಳಬೇಕು. ಹೆಗಲ ಮೇಲಿನ ಟವೆಲ್ಲಿನಿಂದ ಜಗುಲಿ ಒರೆಸಿ ಕೂರಿಸಿದರು.

ನಾನು ಶುರುಮಾಡಿದೆ. “ಅವತ್ತು ನೀವು ಕಾಲೇಜಿಗೆ ಬಂದಾಗ...”

“ಬಿಸ್ಲಾಗ್ ಬಂದಿದೀರ ಸಾಮಿ, ಎಳ್ನೀರ್ ಕುಡೀರಿ” ಎಂದು ಎದ್ದು ಹೋಗಿ ಕೊಚ್ಚಿ ತಂದುಕೊಟ್ಟರು.

ಕುಡಿದು ಮತ್ತೆ ಶುರುಮಾಡಿದೆ. “ಈ ಸಲ ತೆಂಗಿಗೆ ನುಸಿ ಬಂದ್ಬುಟ್ಟೈತೆ ಸಾಮಿ” ಎಂದು ಜೋರಾಗಿ ಹೇಳಿದರು. ಇನ್ನೊಮ್ಮೆ ಬಾಯಿ ತೆರೆದೆ. “ಅದೆಲ್ಲ ಯಾಕ್ ಬುಡಿ ಸಾಮಿ, ಆಗಿದ್ದಾಯ್ತು” ಎಂದು ಬಾಗಿಲ ಕಡೆ ನೋಡಿದರು. ನಾನು ಅದನ್ನು ದೊಡ್ಡ ಗುಣ ಎಂದುಕೊಂಡೆ. ಆ ಮನುಷ್ಯ ನನ್ನ ಬಾಯಿ ಮುಚ್ಚಿಸಲು ಒದ್ದಾಡುತ್ತಿದ್ದಾನೆ ಎಂಬುದು ಹೊಳೆಯಲಿಲ್ಲ. ಮೂವತ್ತನಾಲ್ಕು ವರ್ಷ ಪಾಠ ಮಾಡಿದವನು ಮಾತು ಶುರು ಮಾಡಿದರೆ ಮುಗಿಸದೆ ನಿಲ್ಲಿಸುವುದುಂಟೇ? ಎಲ್ಲ ಹೇಳಿದೆ. ಪ್ರಶ್ನೆ ಕೇಳಿದ್ದು, ಎಲ್ಲರೂ ನಕ್ಕದ್ದು, ಯಾವ ಹೋಟೆಲಿನಿಂದ ಬಂದೆ ಎಂದದ್ದು, ಪೊಲೀಸು ಎಂದದ್ದು. ಒಂದನ್ನೂ ಬಿಡದೆ ಹೇಳಿ, ಕಣ್ಣಲ್ಲಿ ನೀರು ತಂದುಕೊಂಡು ತಲೆ ಎತ್ತಿದರೆ ಬಾಗಿಲಲ್ಲಿ ಲೋಕೇಶ ನಿಂತಿದ್ದ. ಅವತ್ತು ಅವನು ಕೆಲಸಕ್ಕೆ ಹೋಗಿರಲಿಲ್ಲ. ಅಮ್ಮನಿಗೆ ಉಣ್ಣಿಸುತ್ತಿದ್ದ ತಟ್ಟೆ ಕೈಯಲ್ಲೇ ಇತ್ತು.

“ರಜಾ ಇತ್ತು ಅಂದ್ಯಲ್ಲಪ್ಪಾ” ಎಂದು ಅಪ್ಪನ ಕಡೆ ನೋಡಿದ.

“ರಜಾನೇ ಇತ್ತು ಕಣ್ಲಾ” ಎಂದರು ರಂಗಪ್ಪ. ನಾನು ಇಷ್ಟೆಲ್ಲ ಹೇಳಿದ ಮೇಲೂ ಹಾಗೆಂದರು.

ಒಳಗಿನಿಂದ ತಾಯಿ ಯಾರು ಬಂದವರು ಎಂದು ಕೇಳಿದರು. ಲೋಕೇಶ ತಟ್ಟೆ ಕೆಳಗಿಟ್ಟು ನನ್ನ ಹತ್ತಿರ ಬಂದ. ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

“ಮತ್ತೆ ಸೇರ್ಬೇಕು ಅಂದ್ರೆ ನಮ್ಮಪ್ಪ ಅದೇ ರೂಮಿಗೆ ಬರ್ಬೇಕಾ ಸಾರ್?”

“ನಾನೇ ಇರ್ತೀನಪ್ಪ. ಯಾರೂ ಒಂದು ಮಾತು ಕೇಳಲ್ಲ.”

“ಬ್ಯಾಡ ಬುಡಿ ಸಾರ್. ನಂಗೆ ಡಿಗ್ರಿ ಬ್ಯಾಡ.”

ರಂಗಪ್ಪ ಅವನಿಗೆ ಬೈದರು, ಕೈಮುಗಿದರು, ನನ್ನ ಕಡೆ ತಿರುಗಿ ಹುಡುಗಬುದ್ಧಿ ಸಾಮಿ ಎಂದರು. ಅವನು ಒಳಗೆ ಹೋದವನು ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ. ಬಸ್ಸಿಗೆ ಕಾಯುವಾಗ ನನ್ನ ಮನಸ್ಸು ಹಗುರಾಗಿತ್ತು ಎಂದು ಹೇಳಿದರೆ ನಂಬುತ್ತೀರಾ? ಹೇಳಿಕೊಂಡಿದ್ದೆನಲ್ಲ. ನನ್ನ ಹೊರೆ ಇಳಿದಿತ್ತು. ಅದು ಯಾರ ಮೇಲೆ ಬಿತ್ತು ಎಂದು ತಿಳಿಯಲು ಊರು ಸೇರುವಷ್ಟು ಹೊತ್ತು ಬೇಕಾಯಿತು.

ಹೊಸಬರಿಗೆ ಇಲ್ಲಿ ಬುದ್ಧಿಮಾತು ಹೇಳಬೇಕೇನೋ. ನನ್ನ ಹತ್ತಿರ ಇಲ್ಲ. ಈಗ ನಿಮಗೆ ಆ್ಯಪು ಬಂದಿದೆ, ಹುಡುಗ ಒಂದು ಪೀರಿಯಡ್ ತಪ್ಪಿಸಿದರೆ ಅಪ್ಪನ ಮೊಬೈಲಿಗೆ ತಾನೇ ಮೆಸೇಜು ಹೋಗುತ್ತದೆ. ಅಪ್ಪ ಅಮ್ಮಂದಿರ ವಾಟ್ಸಾಪ್ ಗ್ರೂಪು ಇದೆ. ಎಲ್ಲರಿಗೂ ಎಲ್ಲವೂ ಗೊತ್ತಾಗುತ್ತದೆ. ಯಾಕೆ ತಪ್ಪಿಸಿದ ಎಂಬುದೊಂದು ಬಿಟ್ಟು. ನನ್ನ ಕಾಲದಲ್ಲೂ ಅದೊಂದೇ ಗೊತ್ತಾಗುತ್ತಿರಲಿಲ್ಲ.

ಮರುಸೇರ್ಪಡೆಯ ಕೊನೆಯ ದಿನ ನಾನು ಬೆಳಿಗ್ಗೆಯಿಂದ ಕುರ್ಚಿ ಬಿಟ್ಟು ಏಳಲಿಲ್ಲ. ಯಾವ ಸಹೋದ್ಯೋಗಿಯನ್ನೂ ರೂಮಿನೊಳಗೆ ಬಿಟ್ಟುಕೊಳ್ಳಬೇಡ ಎಂದು ಗಂಗಣ್ಣನಿಗೆ ಹೇಳಿದ್ದೆ. ಮಧ್ಯಾಹ್ನ ರಂಗಪ್ಪ ಬಂದರು. ಒಬ್ಬರೇ. ನಾನು ಎದ್ದು ನಿಂತು ಕುರ್ಚಿ ಎಳೆದೆ. ಅಂಚಿನಲ್ಲಿ ಕೂತರು.

“ಹುಡ್ಗ ಬರಲ್ಲ ಅಂತವ್ನೆ ಸಾಮಿ. ನೀವು ಸೇರಿಸ್ಕೊಂಡ್ಬುಡಿ. ಸೇರ್ಸಾದ್ ಮೇಲೆ ನಾನು ಬೈದೋ ಬೇಡಿಯೋ ಕಳಿಸ್ತೀನಿ.”

ಮರುಸೇರ್ಪಡೆಯ ಫಾರಂ ಅಷ್ಟರಲ್ಲಿ ಕಂಪ್ಯೂಟರಿಗೆ ಬಂದಿತ್ತು. ತಂದೆಯ ಸಹಿ ನಾನು ತೆಗೆದುಕೊಳ್ಳಬಲ್ಲೆ. ಆದರೆ ವಿದ್ಯಾರ್ಥಿಯ ಮೊಬೈಲಿಗೆ ಒಟಿಪಿ ಹೋಗುತ್ತದೆ, ಅದನ್ನು ಹಾಕದೆ ಮುಂದಕ್ಕೆ ಹೋಗದು. ಇದನ್ನು ಅವರಿಗೆ ಬಿಡಿಸಿ ಹೇಳಿ ಲೋಕೇಶನಿಗೆ ಫೋನು ಮಾಡಿದೆ. ಎತ್ತಿದ.

“ನಮ್ಮಪ್ಪ ಅಲ್ಲಿಗೆ ಬಂದವ್ರಾ ಸಾರ್?”

“ಬಂದಿದಾರಪ್ಪ. ನಿನಗೊಂದು ನಂಬರ್ ಬಂದಿರುತ್ತೆ ನೋಡು, ಅದೊಂದು ಹೇಳು.”

“ಕೂರ್ಸಿದೀರಾ?”

“ಕೂರ್ಸಿದೀನಿ.”

“ಊರಿಗೆ ಕಳ್ಸಿ ಸಾರ್” ಎಂದು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ. ಗಂಗಣ್ಣನ ಫೋನಿನಿಂದಲೂ ಮಾಡಿದೆ.

ಅವನೇ ಬರಬೇಕು ಅಥವಾ ನಂಬರಾದರೂ ಹೇಳಬೇಕು, ನನ್ನ ಕೈಯಲ್ಲಿ ಏನೂ ಇಲ್ಲ ರಂಗಪ್ಪನವರೇ ಎಂದೆ. ಅವರು ನನ್ನ ಮಾತನ್ನು ಬೇರೆ ರೀತಿ ಅರ್ಥ ಮಾಡಿಕೊಂಡರು. ನಾನು ಇನ್ನೂ ಅವರನ್ನು ನಂಬುತ್ತಿಲ್ಲ ಎಂದುಕೊಂಡರು. ಕುರ್ಚಿಯಿಂದ ಎದ್ದು, ಕೈಕಟ್ಟಿ ನಿಂತು, ನನ್ನ ಹಿಂದಿನ ಗೋಡೆ ನೋಡುತ್ತ ಶುರುಮಾಡಿದರು.

“ಬಿ.ಕಾಂ. ಸಾಮಿ. ಐದ್ನೇ ಸೆಮಿಸ್ಟರು. ಕಾಮರ್ಸು.” ರಿಜಿಸ್ಟರ್ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದರು. ನಡುವೆ ಒಂದು ಕಡೆ ತಡವರಿಸಿ, ಮೊದಲಿನಿಂದ ಹೇಳಿ, ಸರಿ ಮಾಡಿಕೊಂಡರು. ಹಳೆಯ ಹಾಲ್ ಟಿಕೆಟನ್ನು ಪಕ್ಕದ ಮನೆಯವರ ಹತ್ತಿರ ಓದಿಸಿಕೊಂಡು ಬಾಯಿಪಾಠ ಮಾಡಿದ್ದರಂತೆ.

“ಹುಟ್ಟಿದ್ದು ಜೂನ್ ಒಂದು ಸಾಮಿ. ಶ್ರಾವಣ ಅಲ್ಲ, ನಾನೇ ತಪ್ಪು ಹೇಳ್ಬುಟ್ಟಿದ್ದೆ.”

ಎಲ್ಲ ಉತ್ತರವೂ ಪುಸ್ತಕದಲ್ಲಿದ್ದಂತೆಯೇ ಇತ್ತು. ಒಟಿಪಿ ಇಲ್ಲದೆ ಫಾರಂ ಮುಂದಕ್ಕೆ ಕಳಿಸಲು ನನ್ನಿಂದ ಆಗಲಿಲ್ಲ. ಐದು ಗಂಟೆಗೆ ಕಂಪ್ಯೂಟರಿನಲ್ಲಿ ಆ ಪುಟ ಮುಚ್ಚಿಹೋಯಿತು. ಅವರು ಅಲ್ಲಿಯವರೆಗೂ ನಿಂತೇ ಇದ್ದರು, ಇನ್ನೇನಾದರೂ ಕೇಳುತ್ತೇನೇನೋ ಎಂದು.